ಬೈಲು ಗದ್ದೆ ಕೆಂಪಾದರೆ ಯೂರಿಯಾ ಚೀಲ ಬಿಚ್ಚಬೇಡಿ

ನಾಟಿ ಮುಗಿದು ಮೂರು-ನಾಲ್ಕು ವಾರ ಆಗುತ್ತಿದ್ದಂತೆ ಮಲೆನಾಡು, ಕೊಡಗಿನ ಕಡೆಯಿಂದ ಪ್ರತಿವರ್ಷ ಒಂದೇ ದೂರು. "ಸಾರ್, ಮೇಲಿನ ಮಕ್ಕಿಗದ್ದೆ ಚೆನ್ನಾಗಿದೆ, ಕೆಳಗಿನ ಬೈಲು ಗದ್ದೆ ಮಾತ್ರ ಕೆಂಪಾಗಿ ಕೂತುಬಿಟ್ಟಿದೆ. ಏನು ಔಷಧಿ ಹೊಡೀಬೇಕು?" ಕೊಪ್ಪದವರೂ ಇದನ್ನೇ ಕೇಳುತ್ತಾರೆ, ಸಕಲೇಶಪುರದವರೂ ಇದನ್ನೇ, ಸೋಮವಾರಪೇಟೆಯವರೂ ಇದನ್ನೇ. ಕೇಳುವ ಹೊತ್ತಿಗೆ ಒಂದು ಚೀಲ ಯೂರಿಯಾ ಗದ್ದೆಗೆ ಬಿದ್ದಾಗಿರುತ್ತದೆ, ಅದರ ಮೇಲೆ ಅರ್ಧ ಅಡಿ ನೀರನ್ನೂ ಕಟ್ಟಿರುತ್ತಾರೆ. ಈ ಎರಡು ಕೆಲಸ ಮಾಡದೆ ಸುಮ್ಮನಿದ್ದಿದ್ದರೂ ಬೆಳೆಗೆ ಇಷ್ಟು ಕೇಡಾಗುತ್ತಿರಲಿಲ್ಲ.

ಇದು ರೋಗವಲ್ಲ, ಹೊಡೆಯುವ ಔಷಧಿಯೂ ಇಲ್ಲ. ಕಣಿವೆಯ ತಳದಲ್ಲಿ ನೀರು ಬಸಿಯದೆ, ಬಿಸಿಲು ಕಾಣದೆ ಕುಳಿತ ತಣ್ಣನೆಯ ಮಣ್ಣಿನ ಗುಣ ಇದು. ಆ ಮಣ್ಣನ್ನು ಒಮ್ಮೆ ಅಗೆದು ನೋಡಿದವರು ಕಡಿಮೆ. ಗುದ್ದಲಿ ತೆಗೆದುಕೊಂಡು ಒಂದೂವರೆ ಅಡಿ ಅಗೆಯಿರಿ. ಗುಡ್ಡದ ಮೇಲೆ ಕೆಂಪಗಿರುವ ಅದೇ ಮಣ್ಣು ಇಲ್ಲಿ ಬೂದು ಬಣ್ಣಕ್ಕೆ, ಕೆಲವು ಕಡೆ ನೀಲಿ ಛಾಯೆಗೆ ತಿರುಗಿರುತ್ತದೆ. ಹಳೆಯ ಬೇರು ಹೋದ ದಾರಿಯಲ್ಲಿ ಮಾತ್ರ ತುಕ್ಕಿನ ಗೆರೆಗಳು. ಆ ಬೂದು ಹೆಂಟೆಯನ್ನು ಒಡೆದು ಬದುವಿನ ಮೇಲೆ ಇಡಿ, ಮಾರನೆಯ ದಿನ ಬಂದು ನೋಡಿ, ಅಂಚೆಲ್ಲ ಕಂದು ಬಣ್ಣ ಬಂದಿರುತ್ತದೆ. ಗಾಳಿ ತಾಗಿದ್ದಷ್ಟೇ, ಬೇರೇನೂ ಇಲ್ಲ. ಗಾಳಿ ಇಲ್ಲದಿದ್ದರೆ ಮಣ್ಣಿನಲ್ಲಿರುವ ಕಬ್ಬಿಣ ನೀರಿನಲ್ಲಿ ಕರಗಿ ಬೇರಿನೊಳಗೆ ಹೋಗುತ್ತದೆ, ಗಾಳಿ ಇದ್ದರೆ ತುಕ್ಕಾಗಿ ಹೊರಗೇ ಉಳಿಯುತ್ತದೆ. ಇದಕ್ಕಿಂತ ಹೆಚ್ಚು ಸಿದ್ಧಾಂತ ನಿಮಗೂ ಬೇಡ, ನನಗೂ ಹೇಳುವ ತಾಳ್ಮೆ ಇಲ್ಲ.

ಗುಡ್ಡದ ಬುಡದಲ್ಲಿ ಒರತೆ ಜಿನುಗುವಲ್ಲಿ ನೀರಿನ ಮೇಲೆ ಎಣ್ಣೆಯಂಥ ಬಣ್ಣಬಣ್ಣದ ಪೊರೆ ತೇಲುತ್ತದಲ್ಲ, ಅದನ್ನು ನೋಡಿ 'ಟಿಲ್ಲರಿನ ಡೀಸೆಲ್ ಸೋರಿದೆ' ಎನ್ನುತ್ತಾರೆ. ಒಂದು ಕಡ್ಡಿಯಿಂದ ಕಲಕಿ. ಡೀಸೆಲ್ ಆದರೆ ಸುತ್ತಿಕೊಂಡು ಮತ್ತೆ ಕೂಡಿಕೊಳ್ಳುತ್ತದೆ. ಕಬ್ಬಿಣದ ಪೊರೆ ಚೂರುಚೂರಾಗಿ ಒಡೆದು ಹಾಗೇ ಉಳಿಯುತ್ತದೆ. ಆ ನೀರು ಯಾವ ಗದ್ದೆಗೆ ಮೊದಲು ಇಳಿಯುತ್ತದೋ ಕೆಂಪು ಅಲ್ಲಿಂದಲೇ ಶುರು.

ತಂಪಿನ ಪಾಲೂ ಸಣ್ಣದಲ್ಲ. ರಾತ್ರಿ ಗುಡ್ಡದ ತಣ್ಣನೆಯ ಗಾಳಿ ಇಳಿದು ಬೈಲಿನಲ್ಲೇ ನಿಲ್ಲುತ್ತದೆ. ಬೆಳಗಿನ ಬಿಸಿಲು ಅಲ್ಲಿಗೆ ತಡವಾಗಿ ಬರುತ್ತದೆ, ಸಂಜೆ ಬೇಗ ಹೋಗುತ್ತದೆ. ಒಂದು ತೂಕದ ನೀರು ಕಾಯಲು ಅಷ್ಟೇ ತೂಕದ ಒಣಮಣ್ಣಿಗಿಂತ ನಾಲ್ಕೈದು ಪಟ್ಟು ಶಾಖ ಬೇಕು, ಹಾಗಾಗಿ ನೀರು ತುಂಬಿದ ಮಣ್ಣು ಇಡೀ ದಿನ ಕಾಯುವುದೇ ಇಲ್ಲ. ತಣ್ಣನೆಯ ಮಣ್ಣಿನಲ್ಲಿ ಬೇರು ಬೆಳೆಯುವುದು ನಿಧಾನ, ಗೊಬ್ಬರ ಕಳಿಯುವುದು ನಿಧಾನ, ರಂಜಕ ಮತ್ತು ಸತು ಬೇರಿಗೆ ಸಿಗುವುದು ಇನ್ನೂ ನಿಧಾನ. ಮಣ್ಣು ಕಪ್ಪಗಿದೆ, ಸಾರವಿದೆ ಎಂದು ನಂಬಿ ಕೂರಬೇಡಿ. ಸಾರ ಇದೆ, ಪೈರಿಗೆ ಬೇಕಾದ ಹೊತ್ತಿಗೆ ಅದು ಕೈಗೆ ಬರುವುದಿಲ್ಲ.

ಈಗ ಯೂರಿಯಾ ವಿಷಯ. ಎಲೆ ಹಳದಿಯಾದರೆ ಸಾರಜನಕ ಕಡಿಮೆ ಎಂದು ಯಾರೋ ಎಂದೋ ಹೇಳಿದ್ದಾರೆ, ಅಲ್ಲಿಂದ ಯಾವ ಬಣ್ಣ ಕಂಡರೂ ಯೂರಿಯಾ! ಬೇರು ಸರಿ ಇಲ್ಲದ ಪೈರಿಗೆ ಯೂರಿಯಾ ಕೊಟ್ಟರೆ ಅದು ತಿನ್ನುವುದಿಲ್ಲ. ಮುಂದೆ ಮಳೆ ಬಿಡುವು ಕೊಟ್ಟು ಬೇರು ಚೇತರಿಸಿಕೊಂಡಾಗ ಒಮ್ಮೆಲೇ ತಿಂದು, ಎಲೆ ಮೆತ್ತಗಾಗಿ, ತಂಪು ರಾತ್ರಿ ಮತ್ತು ಇಬ್ಬನಿ ಇರುವ ಬೈಲಿನಲ್ಲಿ ಬೆಂಕಿರೋಗವನ್ನು ಕರೆಯುತ್ತದೆ. ಆಗ ಮತ್ತೆ ಅಂಗಡಿಗೆ ಓಟ, ಮತ್ತೆ ಔಷಧಿ. ದುಡ್ಡು ಎರಡು ಕಡೆ ಹೋಯಿತು, ಭತ್ತ ಬರಲಿಲ್ಲ.

ಮೊದಲು ಪೈರನ್ನು ಕಿತ್ತು ಬೇರು ನೋಡಿ. ಬೇರಿಗೆ ತುಕ್ಕಿನ ಲೇಪ ಇದ್ದರೆ ಪೈರಿಗೆ ಇನ್ನೂ ಜೀವವಿದೆ ಎಂದರ್ಥ. ಬೇರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಂದು ದಿನವೂ ತಡ ಮಾಡಬೇಡಿ. ಕೆಳಗಿನ ಎಲೆಗಳ ತುದಿಯಿಂದ ಸಣ್ಣ ಕಂದು ಚುಕ್ಕೆ ಶುರುವಾಗಿ ಬುಡದ ಕಡೆ ಹರಡಿದ್ದರೆ ಕಬ್ಬಿಣದ ನಂಜು. ಹೊಸ ಎಲೆಯ ನಡುನರದ ಬುಡ ಬೆಳ್ಳಗಾಗಿ, ಹಳೆಯ ಎಲೆಯಲ್ಲಿ ಕಂದು ಮಚ್ಚೆ ಇದ್ದರೆ ಸತುವಿನ ಕೊರತೆ. ಒಂದೇ ಗದ್ದೆಯಲ್ಲಿ ಎರಡೂ ಇರಬಹುದು.

ಎರಡಕ್ಕೂ ಮೊದಲ ಕೆಲಸ ಒಂದೇ: ಕಂಡಿ ಕಡಿದು ನೀರು ಹೊರಗೆ ಬಿಡಿ. ಐದರಿಂದ ಏಳು ದಿನ, ಮೇಲ್ಮಣ್ಣಿನಲ್ಲಿ ಕೂದಲೆಳೆಯ ಬಿರುಕು ಕಾಣುವ ತನಕ. ಕಾಲು ಬೆರಳು ಹೋಗುವಂಥ ಬಿರುಕು ಬೇಡ. ಆಮೇಲೆ ಎಕರೆಗೆ 15ರಿಂದ 20 ಕೆ.ಜಿ. ಮ್ಯುರಿಯೇಟ್ ಆಫ್ ಪೊಟ್ಯಾಷ್ ಎರಚಿ, ಒಂದು ಅಂಗುಲ ನೀರು ಕಟ್ಟಿ. ಪೊಟ್ಯಾಷ್ ಇದ್ದರೆ ಬೇರಿಗೆ ಕಬ್ಬಿಣವನ್ನು ಹೊರಗೇ ತಡೆಯುವ ಶಕ್ತಿ ಬರುತ್ತದೆ. ಹೊಸ ಬಿಳಿ ಬೇರು ಕಂಡ ಮೇಲೆ, ಬಾಕಿ ಇದ್ದರೆ ಮಾತ್ರ, ಯೂರಿಯಾ.

ಸತುವಿನ ಕೊರತೆ ಖಚಿತವಾದರೆ ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, 2.5 ಗ್ರಾಂ ಸುಣ್ಣ. ಎಕರೆಗೆ 200 ಲೀಟರ್ ಲೆಕ್ಕದಲ್ಲಿ ಒಂದು ಕೆ.ಜಿ. ಸಲ್ಫೇಟ್, ಅರ್ಧ ಕೆ.ಜಿ. ಸುಣ್ಣ ಆಯಿತು. ಸುಣ್ಣವನ್ನು ಬೇರೆ ನೆನೆಸಿ ತಿಳಿಯನ್ನಷ್ಟೇ ಸೋಸಿ ಹಾಕಿ, ಇಲ್ಲದಿದ್ದರೆ ನಾಜಲ್ ಕಟ್ಟುತ್ತದೆ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಮಣ್ಣಿಗೆ ಹಾಕುವುದಾದರೆ ನಾಟಿಗೆ ಮೊದಲು ಎಕರೆಗೆ 8 ಕೆ.ಜಿ. ಇದು ಶೇ. 21 ಸತು ಇರುವ ಪುಡಿಯ ಲೆಕ್ಕ. ಶೇ. 33 ಎಂದು ಚೀಲದ ಮೇಲೆ ಬರೆದಿದ್ದರೆ 5 ಕೆ.ಜಿ. ಸಾಕು. ಚೀಲ ಓದಿ. ಸೂಪರ್ ಫಾಸ್ಫೇಟ್ ಅಥವಾ ಡಿಎಪಿ ಜೊತೆ ಕಲಸಿ ಎರಚುವವರಿದ್ದಾರೆ. ಎರಡೂ ಕೂಡಿ ಗಟ್ಟಿಯಾಗಿ ಎರಡೂ ಪೈರಿಗೆ ದಕ್ಕುವುದಿಲ್ಲ.

ಒಟ್ಟು ಗೊಬ್ಬರದ ಲೆಕ್ಕ: ಗುಡ್ಡಗಾಡು ವಲಯಕ್ಕೆ ಹೆಕ್ಟೇರಿಗೆ ಸಾರಜನಕ, ರಂಜಕ, ಪೊಟ್ಯಾಷ್ 75:75:90 ಕೆ.ಜಿ. ಎಕರೆಗೆ ಇಳಿಸಿದರೆ ಯೂರಿಯಾ 65 ಕೆ.ಜಿ., ಮ್ಯುರಿಯೇಟ್ ಆಫ್ ಪೊಟ್ಯಾಷ್ 60 ಕೆ.ಜಿ., ರಂಜಕ (ಚೀಲದ ತೂಕವಲ್ಲ, ಪೋಷಕಾಂಶದ ತೂಕ) 30 ಕೆ.ಜಿ. ಹುಳಿ ಮಣ್ಣಾದ್ದರಿಂದ ರಂಜಕಕ್ಕೆ ಶಿಲಾರಂಜಕ ನಡೆಯುತ್ತದೆ. ಯೂರಿಯಾದಲ್ಲಿ ಅರ್ಧ ನಾಟಿ ಸಮಯಕ್ಕೆ, ಉಳಿದದ್ದು ತೆಂಡೆ ಒಡೆಯುವಾಗ ಮತ್ತು ತೆನೆ ಕಟ್ಟುವಾಗ ಸಮನಾಗಿ. ಪೊಟ್ಯಾಷ್ ಮೊದಲು 30, ಆಮೇಲೆ 30. ಯೂರಿಯಾ ಎಲ್ಲರೂ ಹಾಕುತ್ತಾರೆ, ಪೊಟ್ಯಾಷ್ ದುಬಾರಿ ಎಂದು ಬಿಡುತ್ತಾರೆ. ಬೈಲು ಗದ್ದೆಯಲ್ಲಿ ಬಿಡಬಾರದ್ದು ಅದೊಂದೇ. ಅಮೋನಿಯಂ ಸಲ್ಫೇಟ್ ಇಲ್ಲಿ ಬೇಡ, ಕೊಳೆತ ಮೊಟ್ಟೆಯ ವಾಸನೆಗೆ ಅದೇ ಮೇವು.

ಸೊಪ್ಪಿನ ಬಗ್ಗೆ ಹೇಳಿದರೆ ಹಿರಿಯರಿಗೆ ಬೇಸರವಾಗಬಹುದು. ಮಕ್ಕಿಗದ್ದೆಗೆ ಹಸಿಸೊಪ್ಪು ಒಳ್ಳೆಯದು. ನೀರು ಬಸಿಯದ ಹುದುಲು ಗದ್ದೆಗೆ ನಾಟಿಯ ಹಿಂದಿನ ದಿನ ಹಸಿಸೊಪ್ಪು ತುಳಿದರೆ ಅದು ಕೊಳೆಯುವಾಗ ಉಳಿದ ಚೂರು ಗಾಳಿಯನ್ನೂ ನುಂಗುತ್ತದೆ. ಹಾಕಲೇಬೇಕಿದ್ದರೆ ಹದಿನೈದು-ಇಪ್ಪತ್ತು ದಿನ ಮೊದಲೇ ಹಾಕಿ ಉತ್ತುಬಿಡಿ, ಇಲ್ಲವೇ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎಕರೆಗೆ 4 ಟನ್ ಹಾಕಿ. ಸುಣ್ಣ ಎಕರೆಗೆ 200 ಕೆ.ಜಿ., ಮೂರು ವರ್ಷಕ್ಕೊಮ್ಮೆ, ನಾಟಿಗೆ ಎರಡು-ಮೂರು ವಾರ ಮೊದಲು. ಸುಣ್ಣ ಹಾಕಿದ ದಿನವೇ ಯೂರಿಯಾ ಹಾಕಿದರೆ ಯೂರಿಯಾ ಗಾಳಿಗೆ ಹೋಗುತ್ತದೆ, ಮೂಗಿಗೇ ಗೊತ್ತಾಗುತ್ತದೆ.

ಮಣ್ಣು ಆರೋಗ್ಯ ಕಾರ್ಡ್ ಇದೆಯಲ್ಲ ಎಂದು ಕೇಳುತ್ತೀರಿ. 2015ರಲ್ಲಿ ಬಂದ ಯೋಜನೆ, ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ, ಮಳೆಯಾಶ್ರಿತದಲ್ಲಿ ಹತ್ತು ಹೆಕ್ಟೇರಿಗೆ ಒಂದು ಮಾದರಿ ಎಂದು ಶುರುವಾಯಿತು. ನಮ್ಮಲ್ಲಿ ಹತ್ತು ಹೆಕ್ಟೇರಿನೊಳಗೆ ಒಂದು ಗುಡ್ಡ, ಒಂದು ತೋಟ, ಒಂದು ಬೈಲು ಬರುತ್ತದೆ. ಅದೂ ಒಣಗಿಸಿ ಪುಡಿ ಮಾಡಿದ ಮಣ್ಣು. ನೀರು ನಿಂತಾಗ ಅದರ ಹುಳಿಯೂ ಬದಲಾಗುತ್ತದೆ, ಕಬ್ಬಿಣವೂ ಬದಲಾಗುತ್ತದೆ. ಕಾರ್ಡನ್ನು ಬೀರುವಿನಲ್ಲಿಡಿ, ಗುದ್ದಲಿಯನ್ನು ಹೊರಗಿಡಿ.

ನಿಜವಾದ ಪರಿಹಾರ ಬೇಸಿಗೆಯ ಕೆಲಸ. ಗುಡ್ಡ ಮುಗಿದು ಗದ್ದೆ ಶುರುವಾಗುವ ಗಡಿಯಲ್ಲಿ ಎರಡರಿಂದ ಎರಡೂವರೆ ಅಡಿ ಆಳ, ಒಂದೂವರೆ ಅಡಿ ಅಗಲದ ಬಸಿಗಾಲುವೆ ತೆಗೆದು ಒರತೆ ನೀರನ್ನು ಗದ್ದೆಗೆ ಇಳಿಯುವ ಮೊದಲೇ ಹಿಡಿದು ಹಳ್ಳಕ್ಕೆ ಸೇರಿಸಿ. ಪಕ್ಕದವರ ಗದ್ದೆಗೆ ಬಿಟ್ಟು ಜಗಳ ತರಬೇಡಿ. ಆಗಸ್ಟಿನಲ್ಲಿ ಒಮ್ಮೆ ಹೂಳು ಎತ್ತಿ. ಆ ನೀರೇ ಬೇಕಿದ್ದರೆ ನೇರವಾಗಿ ಬಿಡದೆ ಉದ್ದ ಸುತ್ತುಗಾಲುವೆಯಲ್ಲಿ ಹರಿಸಿ. ನೀರು ಬಿಸಿಲಿಗೆ ಸ್ವಲ್ಪ ಕಾಯುತ್ತದೆ, ಕಬ್ಬಿಣ ಕಾಲುವೆಯಲ್ಲೇ ತುಕ್ಕಾಗಿ ಕೂರುತ್ತದೆ. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಗದ್ದೆಯಿಂದ ಗದ್ದೆಗೇ ನೀರು ಹಾಯಿಸುವ ರೂಢಿ ಬಿಡಿ, ಪಕ್ಕದಲ್ಲಿ ಕಾಲುವೆ ಮಾಡಿ. ಕೊಯ್ಲಾದ ಮೇಲೆ ಕೂಳೆಯ ಮೇಲೆ ನೀರು ನಿಲ್ಲಿಸದೆ ಕಂಡಿ ಕಡಿದು, ಹದ ನೋಡಿ ಒಮ್ಮೆ ಉತ್ತು ಬಿಸಿಲಿಗೆ ಬಿಡಿ.

ಬೇಸಿಗೆ ಭತ್ತ ಮಾಡುವವರು ಸಸಿಮಡಿಯನ್ನು ಬೈಲಿನಲ್ಲಿ ಹಾಕಬೇಡಿ, ಎತ್ತರದಲ್ಲಿ ಹಾಕಿ. ಜನವರಿಯ ಚಳಿಗೆ ಸಸಿ ಹಳದಿಯಾದರೆ ಸಂಜೆ ನೀರು ಕಟ್ಟಿ, ಬೆಳಗ್ಗೆ ಬಿಡಿ.

ಬೈಲು ಗದ್ದೆಗೆ ಅಡಿಕೆ ಇಡುವವರಿಗೆ ಒಂದೇ ಮಾತು: ಎರಡು ಸಾಲಿಗೊಂದು, ಎರಡೂವರೆಯಿಂದ ಮೂರು ಅಡಿ ಆಳದ ಕಾಲುವೆ ತೆಗೆಯಲಾಗದಿದ್ದರೆ ಗಿಡ ಕೊಳ್ಳಬೇಡಿ.

ಸಲಹೆ ಕೇಳಲು ಬರುವಾಗ ಫೋನಿನಲ್ಲಿ ಎಲೆಯ ಫೋಟೊ ತರಬೇಡಿ. ನಾಲ್ಕು ಬುಡ ಪೈರನ್ನು ಬೇರು ತೊಳೆಯದೆ, ಮಣ್ಣಿನ ಸಮೇತ ಒದ್ದೆ ಗೋಣಿಯಲ್ಲಿ ಸುತ್ತಿ ಅದೇ ದಿನ ತನ್ನಿ. ಕೆಂಪಾದ ಕಡೆಯಿಂದ ಎರಡು, ಹಸಿರಿರುವ ಕಡೆಯಿಂದ ಎರಡು.