ಎಂಜಿನ್ ಆಮೇಲೆ, ಮೊದಲು ಹಿಂದಿನ ಆಕ್ಸಲ್

ಕಳೆದ ಸೆಮಿಸ್ಟರ್‌ನಲ್ಲಿ ಹಾಸ್ಟೆಲ್ ಹಿಂದಿನ ಖಾಲಿ ರಸ್ತೆಯಲ್ಲಿ ನಮ್ಮ ಗೆಳೆಯನೊಬ್ಬ ತನ್ನ ಆರ್‌ಎಕ್ಸ್ 100 ಗಾಡಿಯನ್ನ ಚೆನ್ನಾಗಿ ರೇಸ್ ಮಾಡಿ ಕ್ಲಚ್ ಪಟ್ಟಂತ ಬಿಟ್ಟ. ಮುಂದಿನ ಚಕ್ರ ಎದ್ದಿತು, ಗಾಡಿ ಹಿಂದಕ್ಕೆ ಮಗುಚಿತು, ಬಲಗೈ ಮಣಿಕಟ್ಟು ಮುರೀತು. ಎರಡು ಲ್ಯಾಬ್ ಪರೀಕ್ಷೆ ತಪ್ಪಿಹೋದವು. ಅದಕ್ಕೆ ಒಂದು ವಾರ ಮುಂಚೆ ಆ ಗಾಡಿಗೆ ಹೊಸ ಎಕ್ಸ್‌ಪ್ಯಾನ್ಶನ್ ಚೇಂಬರ್ ಹಾಕ್ಸೋಕೆ ದುಡ್ಡು ಕೂಡಿಸಿ ಕೊಟ್ಟವರು ನಾವೇ. ಹಾಗಾಗಿ ಈ ಲೇಖನದ ಸಾಲ ನಮ್ಮ ಮೇಲಿತ್ತು.

ನೇರ ದಾರಿಯಲ್ಲಿ ವೇಗ ಬೇಕು ಅಂದ ತಕ್ಷಣ ನಮ್ಮ ಕೈ ಎಂಜಿನ್ ಕಡೆಗೇ ಹೋಗತ್ತೆ. ಅದು ಯಾಕೆ ತಪ್ಪು ಅಂತ ಗೊತ್ತಾಗಿದ್ದು ಕ್ವಾಡ್ ಬೈಕ್ ಡ್ರ್ಯಾಗ್ ರೇಸಿಂಗ್ ಬಗ್ಗೆ ಓದುವಾಗ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಗ್ಲಾಮಿಸ್ ಕಡೆಯ ಮರಳು ದಿಬ್ಬಗಳಲ್ಲಿ ಈ ಹುಚ್ಚು ಜೋರು. ಮರಳಿನ ಟ್ರ್ಯಾಕ್ ಸಾಮಾನ್ಯವಾಗಿ 300 ಅಡಿ, ಅಂದರೆ 91 ಮೀಟರ್. ಅಲ್ಲಿನವರ ಮೆಚ್ಚಿನ ಗಾಡಿ 1987ರಲ್ಲಿ ಬಂದ ಯಮಹಾ ಬ್ಯಾನ್ಶೀ. 347 ಸಿಸಿ, ಎರಡು ಸಿಲಿಂಡರ್, ಟೂ-ಸ್ಟ್ರೋಕ್. ಬೋರ್ 64 ಮಿ.ಮೀ., ಸ್ಟ್ರೋಕ್ 54 ಮಿ.ಮೀ. ಎಲ್ಲೋ ಕೇಳಿದ ಹಾಗಿದೆಯಾ? ನಮ್ಮ ರಾಜ್‌ದೂತ್ 350ರದ್ದೂ ಇದೇ ಅಳತೆ. ಅದು ಗಾಳಿಯಲ್ಲಿ ತಣಿಯೋದು, ಇದು ನೀರಲ್ಲಿ. ಒಂದೇ ವಂಶದ ದಾಯಾದಿಗಳು.

ನಾಲ್ಕು ಚಕ್ರ ಇದೆ, ಕ್ವಾಡ್ ಎಲ್ಲಿ ಮಗುಚತ್ತೆ ಅಂದ್ಕೋಬೇಡಿ. ಬ್ಯಾನ್ಶೀಯ ವೀಲ್‌ಬೇಸ್ 1.28 ಮೀಟರ್, ಆರ್‌ಎಕ್ಸ್ 100ಕ್ಕಿಂತ 4 ಸೆಂ.ಮೀ. ಮಾತ್ರ ಜಾಸ್ತಿ. ಎಳೆಯೋದು ಹಿಂದಿನ ಚಕ್ರಗಳಷ್ಟೇ. ಈಗ ಫಸ್ಟ್ ಇಯರ್ ಮೆಕ್ಯಾನಿಕ್ಸ್ ನೆನಪು ಮಾಡ್ಕೊಳ್ಳಿ: ಹಿಂದಿನ ಚಕ್ರ ನೆಲ ಮುಟ್ಟುವ ಜಾಗದ ಸುತ್ತ ಮೊಮೆಂಟ್ ತಗೊಂಡ್ರೆ, ಮುಂದಿನ ಚಕ್ರ ಏಳದೆ ಸಿಗೋ ಅತಿ ಹೆಚ್ಚಿನ ಆಕ್ಸಿಲರೇಷನ್ (ಕನ್ನಡದಲ್ಲಿ ವೇಗೋತ್ಕರ್ಷ, ಕ್ಲಬ್ಬಿಗೆ ಸೇರಿದ ಮೇಲೆ ಕಲಿತ ಪದ) ಒಂದು ಸರಳ ಭಾಗಾಕಾರ. ಹಿಂದಿನ ಆಕ್ಸಲಿನಿಂದ ಗುರುತ್ವ ಕೇಂದ್ರ ಎಷ್ಟು ಮುಂದಿದೆಯೋ ಅದನ್ನ ಆ ಕೇಂದ್ರದ ಎತ್ತರದಿಂದ ಭಾಗಿಸಿ, ಜಿ ಇಂದ ಗುಣಿಸಿ. ಇದರಲ್ಲಿ ಎಂಜಿನ್ ಎಲ್ಲೂ ಇಲ್ಲ, ನೋಡಿ.

ಸವಾರನೂ ಸೇರಿ ಕೇಂದ್ರ 60 ಸೆಂ.ಮೀ. ಮುಂದೆ, 65 ಸೆಂ.ಮೀ. ಎತ್ತರದಲ್ಲಿದೆ ಅಂತಿಟ್ಕೊಳ್ಳಿ. ಮಿತಿ 0.92 ಜಿ. ಒಟ್ಟು ತೂಕ 250 ಕೆಜಿ, ಶಕ್ತಿ 35 ಎಚ್‌ಪಿ ಆದರೆ ಈ ಮಿತಿ ಗಂಟೆಗೆ 41 ಕಿ.ಮೀ. ವೇಗದವರೆಗೆ, ಅಂದರೆ ಮೊದಲ 7 ಮೀಟರ್ ಮಾತ್ರ ಕಾಡತ್ತೆ. ಆಮೇಲೆ ಎಂಜಿನ್ನೇ ಸಾಲದು. (ಗಾಳಿ, ಗೇರ್, ಮರಳಿನ ಎಳೆತ ಬಿಟ್ಟ ಲೆಕ್ಕ ಇದು.) ಈಗ ಎಂಜಿನ್ ಮಾತ್ರ ಬದಲಾಯಿಸಿ 70 ಎಚ್‌ಪಿ ಮಾಡಿ. ಮಿತಿ ಕಾಡೋ ದೂರ ನಾಲ್ಕು ಪಟ್ಟು, 29 ಮೀಟರ್! ಟ್ರ್ಯಾಕಿನ ಮೂರನೇ ಒಂದು ಭಾಗ ದುಡ್ಡು ಕೊಟ್ಟು ತಂದ ಶಕ್ತಿಯನ್ನ ಬಳಸೋಕೇ ಆಗಲ್ಲ. ಬಳಸಿದರೆ ಮಗುಚ್ತೀರಿ.

ಅದಕ್ಕೇ ಅಲ್ಲಿನವರು ಮೊದಲು ಕೈ ಹಾಕೋದು ಸ್ವಿಂಗ್‌ಆರ್ಮಿಗೆ. ಅದನ್ನ 15 ಸೆಂ.ಮೀ. ಉದ್ದ ಮಾಡಿ, ಚೈನಿಗೆ ಕೊಂಡಿ ಸೇರಿಸಿ, ಗಾಡಿಯನ್ನ 8 ಸೆಂ.ಮೀ. ತಗ್ಗಿಸಿದರೆ 75ನ್ನ 57ರಿಂದ ಭಾಗಿಸಬೇಕು: 1.3 ಜಿ. ಅಷ್ಟು ಹಿಡಿತ ಮರಳಲ್ಲಿ ಸಿಗಬೇಕಾದರೆ ಹಿಂದೆ ಪ್ಯಾಡಲ್ ಟೈರ್ ಬೇಕು, ದೋಣಿ ಹುಟ್ಟಿನ ಥರ ಅಡ್ಡಪಟ್ಟಿ ಇರೋದು. ಕೆಲವರು ಹಿಂದೆ ವೀಲಿ ಬಾರ್ ಕೂಡ ಹಾಕ್ತಾರೆ.

ನಮಗೆ ತುಂಬಾ ಇಷ್ಟವಾದ ವಿಷಯ ಇನ್ನೊಂದು. ಈ ಗಾಡಿಗೆ ಡಿಫರೆನ್ಷಿಯಲ್ ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲಿನಲ್ಲಿ ಒಟ್ಟಿಗೇ ತಿರುಗ್ತವೆ. ಒಂದು ಟೈರಿನ ಸುತ್ತಳತೆ 2 ಸೆಂ.ಮೀ. ಜಾಸ್ತಿ ಇದ್ದರೆ? 20 ಇಂಚಿನ ಟೈರು 91 ಮೀಟರಿಗೆ ಸುಮಾರು 57 ಸುತ್ತು ಹಾಕತ್ತೆ. ದೊಡ್ಡ ಚಕ್ರ ಒಂದು ಮೀಟರಿಗಿಂತ ಜಾಸ್ತಿ ಮುಂದೆ ಹೋಗೋಕೆ ನೋಡತ್ತೆ, ಗಾಡಿ ಚಿಕ್ಕದರ ಕಡೆ ಎಳೆಯತ್ತೆ. ಮುಂದಿನ ಚಕ್ರದ ಮೇಲೆ ಭಾರವೇ ಇಲ್ಲದ ಹೊತ್ತಲ್ಲಿ ಹ್ಯಾಂಡಲ್ ತಿರುಗಿಸಿ ಏನು ಪ್ರಯೋಜನ? ಟೈಲರ್ ಟೇಪಿನಲ್ಲಿ ಎರಡೂ ಟೈರಿನ ಸುತ್ತಳತೆ ನೋಡಿ ಗಾಳಿ ಸರಿಮಾಡೋದು ಐದು ನಿಮಿಷದ ಕೆಲಸ.

ಇಷ್ಟಾದ ಮೇಲೆ ಎಂಜಿನ್. ಪೋರ್ಟಿಂಗ್, ಚೇಂಬರ್, ಲಾಕ್‌ಅಪ್ ಕ್ಲಚ್ ಎಲ್ಲ ಇದೆ. ಮೆಥನಾಲ್ ಹಾಕೋರು ಜೆಟ್ ದೊಡ್ಡದು ಮಾಡಲೇಬೇಕು: ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಮೆಥನಾಲಿಗೆ 6.4 ಸಾಕು, ಅಂದರೆ ಅಷ್ಟೇ ಗಾಳಿಗೆ ಎರಡು ಪಟ್ಟಿಗಿಂತ ಜಾಸ್ತಿ ಇಂಧನ. ಕಮ್ಮಿ ಬಿದ್ದರೆ ಪಿಸ್ಟನ್ ಕರಗತ್ತೆ. ಸವಾರ ಬಿದ್ದರೆ ಎಂಜಿನ್ ಆಫ್ ಆಗೋ ಹಾಗೆ ಕೈಗೆ ಕಟ್ಟಿಕೊಳ್ಳೋ ಕಿಲ್ ಸ್ವಿಚ್ ದಾರ ಮಾತ್ರ ಎಂಜಿನ್ ಕೆಲಸಕ್ಕಿಂತ ಮೊದಲೇ ಬರಬೇಕು.

ಗೆಳೆಯನ ಪ್ಲಾಸ್ಟರ್ ಬಿಚ್ಚಿದ ಮೇಲೆ ಅವನ ಗಾಡಿಯನ್ನೂ ಅಳೆದೆವು. ಮೆಸ್ಸಿನ ಅಕ್ಕಿ ತೂಗೋ ತಕ್ಕಡಿ ಮುಂದಿನ ಚಕ್ರದ ಕೆಳಗೆ, ಅಷ್ಟೇ ಎತ್ತರದ ಹಲಗೆ ಹಿಂದಿನ ಚಕ್ರದ ಕೆಳಗೆ. (ಗಾಡಿಗೆ ಕೆಜಿಗೆಷ್ಟು ಅಂತ ಭಟ್ಟರು ಕೇಳಿದರು.) ಅವನೂ ಸೇರಿ ಒಟ್ಟು 165 ಕೆಜಿ. ಟ್ಯಾಂಕಿನ ಮೇಲೆ ಬಾಗಿ ಕೂತಾಗ ಮುಂದೆ 66, ಹಿಂದೆ ಸರಿದಾಗ 55. ವೀಲ್‌ಬೇಸಿನಿಂದ ಗುಣಿಸಿ ಒಟ್ಟು ತೂಕದಿಂದ ಭಾಗಿಸಿದರೆ ಗುರುತ್ವ ಕೇಂದ್ರ 50 ಸೆಂ.ಮೀ. ಇದ್ದದ್ದು 41ಕ್ಕೆ ಇಳಿದಿತ್ತು. ಆ ದಿನ ಅವನು ಹಿಂದೆ ಸರಿದು ಕೂತಿದ್ದ. ಚೇಂಬರ್ ಈಗ ನಮ್ಮ ರೂಮಿನ ಅಟ್ಟದ ಮೇಲಿದೆ.