ಎಣಿಕೆಯಲ್ಲಿ ನಮ್ಮ ಮಂಜೇಶ್ವರ

ದೂರದ ದೇಶಗಳ ನದಿ, ಪರ್ವತ, ಜನಸಂಖ್ಯೆಗಳನ್ನು ನಾವು ಬಾಯಿಪಾಠ ಮಾಡುತ್ತೇವೆ. ನಮ್ಮ ಊರಿನ ವಿಚಾರವನ್ನು ಯಾರಾದರೂ ಕೇಳಿದರೆ ಮಾತ್ರ ತಡವರಿಸುತ್ತೇವೆ. ಆದುದರಿಂದ ಈ ಸಲ ಮಂಜೇಶ್ವರವನ್ನೇ ಒಂದು ಪಾಠವಾಗಿ ಓದೋಣ.

ನೆಲ ಮತ್ತು ನೀರು: ಮಂಜೇಶ್ವರವು ಕೇರಳದ ಬಡಗಣ ತುದಿಯಲ್ಲಿದೆ. ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಮುರಕಲ್ಲಿನ ಗುಡ್ಡಗಳು. ಬಡಗಣಕ್ಕೆ ತಲಪಾಡಿಯನ್ನು ದಾಟಿದರೆ ಕರ್ನಾಟಕ. ನಮ್ಮ ಮಂಜೇಶ್ವರ ಹೊಳೆಯ ಉದ್ದ ಬರೀ 16 ಕಿಲೋಮೀಟರು. ಕೇರಳದ ನದಿಗಳಲ್ಲಿ ಇದೇ ಅತಿ ಚಿಕ್ಕದು. ಮಳೆಗಾಲದಲ್ಲಿ ನೀರು ಧಾರಾಳ. ಆದರೆ ಇಳಿಜಾರಿನ ನೆಲವಾದುದರಿಂದ ಅದು ಬೇಗನೆ ಕಡಲನ್ನು ಸೇರುತ್ತದೆ. ಆದ್ದರಿಂದಲೇ ಒಳನಾಡಿನ ಹಿರಿಯರು ಗುಡ್ಡಗಳಲ್ಲಿ ಅಡ್ಡಲಾಗಿ ಸುರಂಗಗಳನ್ನು ಕೊರೆದರು. ಅವುಗಳೊಳಗೆ ಜಿನುಗುವ ನೀರು ತಾನಾಗಿಯೇ ಹರಿದು ಹೊರಬರುತ್ತದೆ. ಅಡಿಕೆ, ತೆಂಗುಗಳು ಆ ನೀರಿನಿಂದ ಬದುಕಿವೆ.

ಆಳ್ವಿಕೆ: 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಈ ಪ್ರದೇಶವು ಇಂಗ್ಲಿಷರ ಕೈಸೇರಿತು. ಮುಂದೆ ಇದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನ ಭಾಗವಾಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಕೇರಳಕ್ಕೆ ಸೇರಿತು. 1957ರಿಂದ ಕಣ್ಣೂರು ಜಿಲ್ಲೆಯಲ್ಲಿತ್ತು. 1984ರ ಮೇ 24ರಂದು ಕಾಸರಗೋಡು ಜಿಲ್ಲೆ ಹುಟ್ಟಿತು. 2014ರಲ್ಲಿ ಮಂಜೇಶ್ವರವೇ ಒಂದು ತಾಲೂಕಾಯಿತು. ಇಷ್ಟು ಸಲ ವಿಳಾಸ ಬದಲಾದರೂ ಊರು ಇದ್ದಲ್ಲಿಯೇ ಇದೆ ಎಂಬುದನ್ನು ಗಮನಿಸಿರಿ.

ಜನ ಮತ್ತು ಭಾಷೆ: 2011ರ ಜನಗಣತಿಯಂತೆ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13,07,375. ಇದರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಈ ಅಂಕಿಗಳನ್ನು ಓದುವುದು ಸುಲಭ. ಭಾಷೆಯ ಅಂಕಿಗಳನ್ನು ಓದುವುದಕ್ಕೆ ಮಾತ್ರ ಸ್ವಲ್ಪ ಎಚ್ಚರ ಬೇಕು. ನಮ್ಮ ಒಂದೇ ತರಗತಿಯಲ್ಲಿ ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಮನೆಮಾತಿನ ಮಕ್ಕಳು ಕುಳಿತಿರುತ್ತಾರೆ. ಅವರೆಲ್ಲರೂ ಓದುವುದು, ಬರೆಯುವುದು ಕನ್ನಡದಲ್ಲಿ. ಆದರೆ ಮಾತೃಭಾಷೆಯ ಪಟ್ಟಿಯನ್ನು ಮಾತ್ರ ನೋಡಿದರೆ ಇವರಲ್ಲಿ ಹಲವರು ಕನ್ನಡದ ಲೆಕ್ಕಕ್ಕೆ ಸಿಗುವುದಿಲ್ಲ.

ಇದಕ್ಕೆ ನಮ್ಮ ಊರಿನ ಹಿರಿಯರಾದ ಗೋವಿಂದ ಪೈಗಳೇ ಉತ್ತಮ ಉದಾಹರಣೆ. 1883ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡ ಪೈಗಳ ಮನೆಮಾತು ಕೊಂಕಣಿ. ಆದರೆ ಅವರು ಬರೆದದ್ದು ಕನ್ನಡದಲ್ಲಿ. ಮದರಾಸು ಸರಕಾರವು ಅವರಿಗೆ ರಾಷ್ಟ್ರಕವಿ ಎಂಬ ಬಿರುದನ್ನು ಕೊಟ್ಟಿತು. ಮಾತೃಭಾಷೆಯ ಪಟ್ಟಿಯೊಂದನ್ನೇ ನಂಬಿದರೆ ಕನ್ನಡದ ಈ ರಾಷ್ಟ್ರಕವಿಯೂ ಕನ್ನಡದ ಎಣಿಕೆಯಿಂದ ಹೊರಗೆ ಉಳಿಯುತ್ತಾರೆ!

ಹಾಗಾದರೆ ಸುಳ್ಳು ಬರೆಯಿಸಬೇಕೇ? ಖಂಡಿತ ಕೂಡದು. ತುಳುವನ್ನು ಕನ್ನಡವೆಂದು ಬರೆಯಿಸಿದರೆ ತುಳುವಿಗೆ ಅನ್ಯಾಯ, ಲೆಕ್ಕವೂ ತಪ್ಪು. ಆದರೆ 2011ರ ಗಣತಿಯ ನಮೂನೆಯಲ್ಲಿ ಮಾತೃಭಾಷೆಯ ಪ್ರಶ್ನೆಯ ಬಳಿಕ ಇನ್ನೊಂದು ಪ್ರಶ್ನೆ ಇತ್ತು: ತಿಳಿದಿರುವ ಇತರ ಭಾಷೆಗಳು ಯಾವುವು? ಅಲ್ಲಿ ಎರಡು ಭಾಷೆಗಳನ್ನು ಹೇಳಬಹುದಾಗಿತ್ತು. ಅವಸರದಲ್ಲಿ ಅದನ್ನು ಬಿಟ್ಟುಬಿಟ್ಟ ಮನೆಯವರ ಕನ್ನಡದ ಓದು ಲೆಕ್ಕದಲ್ಲಿ ಕಾಣುವುದೇ ಇಲ್ಲ.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಗಣತಿದಾರರು ಮನೆಗೆ ಬಂದಾಗ ಮನೆಮಾತನ್ನು ಇದ್ದಂತೆಯೇ ಹೇಳಿರಿ. ಆ ಬಳಿಕ ಮಕ್ಕಳು ಕಲಿತ ಕನ್ನಡವನ್ನೂ ಮರೆಯದೆ ಬರೆಯಿಸಿರಿ. ಶಾಲೆ, ಅಧ್ಯಾಪಕರು, ಪುಸ್ತಕಗಳು ಬೇಕೆಂದು ನಾವು ಕೇಳುವಾಗ ನಮ್ಮ ಮಾತಿಗೆ ಬಲ ಕೊಡುವುದು ಇಂಥ ಅಂಕಿಗಳೇ.

ಅಭ್ಯಾಸ

1. ನಿಮ್ಮ ಮನೆಯಲ್ಲಿ ಯಾರು ಯಾವ ಭಾಷೆಗಳನ್ನು ಮಾತನಾಡುತ್ತಾರೆ, ಯಾವುದನ್ನು ಓದುತ್ತಾರೆ ಎಂಬ ಪಟ್ಟಿಯನ್ನು ಮಾಡಿರಿ.

2. ನಿಮ್ಮ ಅಜ್ಜ ಅಜ್ಜಿಯರು ಹುಟ್ಟಿದಾಗ ನಮ್ಮ ಊರು ಯಾವ ಜಿಲ್ಲೆಯಲ್ಲಿತ್ತು? ಅವರನ್ನೇ ಕೇಳಿ ಬರೆಯಿರಿ.

3. ನಿಮ್ಮ ಮನೆಯ ಸಮೀಪದ ಹೊಳೆ, ತೋಡು ಅಥವಾ ಸುರಂಗದ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ? ಒಂದು ನಕ್ಷೆಯನ್ನು ಬಿಡಿಸಿರಿ.