ಚಿಕ್ಕ ಮಕ್ಕಳಿಗೆ ಮರ್ಯಾದೆಯನ್ನು ಕಲಿಸುವ ವಿಷಯ

ಮೂರು ವರುಷದಿಂದ ಏಳು ವರುಷದ ವರೆಗಿನ ಮಕ್ಕಳಿಗೆ ಮರ್ಯಾದೆಯನ್ನು ಹೇಗೆ ಕಲಿಸಬೇಕೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ. ಮೊದಲು ಒಂದು ಸಂಗತಿಯನ್ನು ಬೇರೆ ಮಾಡಿ ಇಡತಕ್ಕದ್ದು. ನಮ್ಮ ಹಿರಿಯರ ಕಾಲದಲ್ಲಿ ಬೀದರ, ಭಾಲ್ಕಿ, ಔರಾದ ಸೀಮೆಯ ಹಳ್ಳಿಗಳಲ್ಲಿ ನಮ್ಮ ಕೇರಿಯ ಕೂಸಿಗೆ ದೊರೆಯುತ್ತಿದ್ದ ಮೊದಲನೆಯ ಪಾಠವು ಮರ್ಯಾದೆಯಲ್ಲ, ಅಂಜಿಕೆಯೇ. ಊರ ದೊಡ್ಡವರು ಎದುರಿಗೆ ಬಂದರೆ ಕಾಲಿನ ಕೆರವನ್ನು ಕೈಯಲ್ಲಿ ಹಿಡಿಯುವದು, ದಾರಿ ಬಿಟ್ಟು ನಿಲ್ಲುವದು, ತಲೆಯೆತ್ತದೆ ಉತ್ತರ ಕೊಡುವದು, ಇವೇ ಅದಕ್ಕೆ ತಿಳಿದ ನಡತೆ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಆದಾಗ್ಯೂ ಆ ಹಳೇ ಅಂಜಿಕೆಯು ಮರ್ಯಾದೆಯೆಂಬ ಹೆಸರಿನಿಂದ ಮನೆಗಳಲ್ಲಿ ಇನ್ನೂ ಉಳಿದಿರುವದುಂಟು. ಮಗುವು ಗೌಡನ ಮುಂದೆ ಕೈ ಕಟ್ಟಿ ನಿಂತು, ಮನೆಗೆ ಬಂದು ತಾಯಿಯ ಮೇಲೆ ಕೈಯೆತ್ತಿದರೆ ಅದು ಕಲಿತದ್ದೇನು? ಬಲವಿದ್ದವನಿಗೆ ಬಾಗುವದನ್ನು ಮಾತ್ರವೇ. ಮರ್ಯಾದೆಯಾದರೋ ಬಾಗಿಲಿಗೆ ಬಂದ ಮುದುಕಿಗೂ ತೊದಲಿ ಮಾತಾಡುವ ಜೊತೆಗಾರನಿಗೂ ಸಲ್ಲುವಂಥಾದ್ದು. ಅದನ್ನು ತಲೆಯೆತ್ತಿಯೇ ಕೊಡಬಹುದು.

ನಮ್ಮ ಸೀಮೆಯ ಮಗುವಿಗೆ ಈ ಪಾಠವು ತುಸು ಕಠಿಣ. ಮನೆಯಲ್ಲಿ ಕನ್ನಡ, ಔರಾದದ ಕಡೆಯಲ್ಲಿ ಮರಾಠಿ, ಬೀದರದ ಬಜಾರಿನಲ್ಲಿ ಉರ್ದು. ಕನ್ನಡದ ನೀನು, ನೀವು. ಮರಾಠಿಯ ತೂ, ತುಮ್ಹೀ. ಉರ್ದುವಿನ ತೂ, ತುಮ್, ಆಪ್ ಎಂಬ ಮೂರು ಮೆಟ್ಟಲು. ಮಗುವು ಇವನ್ನು ವ್ಯಾಕರಣದಿಂದ ಕಲಿಯುವದಿಲ್ಲ. ತಂದೆಯು ಮಾಸ್ತರರನ್ನು ಹೇಗೆ ಕರೆಯುತ್ತಾನೆ, ಬೀದಿ ಗುಡಿಸುವವಳನ್ನು ಹೇಗೆ ಕರೆಯುತ್ತಾನೆ ಎಂದು ಕೇಳಿಕೊಂಡು ಕಲಿಯುತ್ತದೆ. ಆದದರಿಂದ ಗುಡಿಸುವವಳನ್ನು ನೀವೇ ಮೊದಲು ಅಕ್ಕಾ ಎಂದು ಕರೆಯಿರಿ. ಇಂಗ್ಲಿಷ್ ಶಾಲೆಗೆ ಹೋಗುವ ಮಕ್ಕಳು ಸಾರಿ, ಥ್ಯಾಂಕ್ಯೂ ಎಂದು ಗಿಳಿಯಂತೆ ಹೇಳುವದನ್ನು ಕೇಳಿ ಹಿಗ್ಗುವವರಿದ್ದಾರೆ. ಕಸಕೊಂಡ ಬುಗುರಿಯನ್ನು ತಿರುಗಿ ಕೊಡದೆ ಹೇಳಿದ ಸಾರಿಯಿಂದ ಯಾರಿಗೆ ಪ್ರಯೋಜನ?

ಇನ್ನು ಸಿಟ್ಟಿನ ವಿಷಯ. ಎರಡು ಮೂರು ವರುಷದ ಕೂಸು ನೆಲಕ್ಕೆ ಬಿದ್ದು ಹೊರಳುವದು ಹಟಮಾರಿತನದಿಂದಲೇ ಎಂದು ಎಣಿಸಬಾರದು. ಮನಸ್ಸನ್ನು ತಡೆದು ಹಿಡಿಯುವ ಮೆದುಳಿನ ಮುಂಭಾಗವು ಇಪ್ಪತ್ತು ವರುಷ ದಾಟಿದ ಮೇಲೂ ಬಲಿಯುತ್ತಲೇ ಇರುವದೆಂದು ವೈದ್ಯಶಾಸ್ತ್ರವು ತೋರಿಸಿದೆ. ಮಗುವಿಗೆ ಅದರ ಸಿಟ್ಟಿನ ಕಾರಣವನ್ನು ಮಾತಿನಲ್ಲಿ ಇಟ್ಟು ಕೊಡತಕ್ಕದ್ದು: “ತಮ್ಮ ಬುಗುರಿ ಕಸಕೊಂಡನಂತ ನಿನಗ ಸಿಟ್ಟು ಬಂತು. ಸಿಟ್ಟು ಬರಲಿ, ಹೊಡೀಬ್ಯಾಡ. ಕೊಡು ಅಂತ ಕೇಳು.” ಹೊಡೆಯಬೇಡವೆಂದು ಹೇಳುತ್ತಾ ತಾವೇ ಹೊಡೆಯುವ ತಂದೆತಾಯಿಗಳ ಮಾತನ್ನು ಮಗುವು ನಂಬುವದು ಹೇಗೆ? ಶಾಲೆಯಲ್ಲಿ ಮಕ್ಕಳನ್ನು ದಂಡಿಸುವದನ್ನು 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ನಿಷೇಧಿಸಿದೆ. ಮನೆಯಲ್ಲಿಯೂ ಕೋಲು ಬೇಕಾಗಿಲ್ಲವೆಂದು ನನ್ನ ಅಭಿಪ್ರಾಯ.

ತಾಳ್ಮೆಯನ್ನು ಕುರಿತು ಅಮೇರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು ನಡಿಸಿ 2013ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯನ್ನು ಕೇಳಿರಿ. ಮೂರರಿಂದ ಐದು ವರುಷದ 28 ಮಕ್ಕಳಿಗೆ ಚೆನ್ನಾದ ಬಣ್ಣದ ಕಡ್ಡಿಗಳನ್ನು ತಂದು ಕೊಡುವೆವೆಂದು ಮಾತು ಕೊಟ್ಟರು. ಅರ್ಧ ಮಕ್ಕಳಿಗೆ ತಂದರು, ಉಳಿದವರಿಗೆ ಇಲ್ಲವೆಂದು ಹೇಳಿದರು. ತರುವಾಯ ಎಲ್ಲರ ಮುಂದೆಯೂ ಒಂದೊಂದು ಮಿಠಾಯಿಯನ್ನಿಟ್ಟು, ತಿನ್ನದೆ ಕಾದರೆ ಎರಡು ಸಿಕ್ಕುವವೆಂದರು. ಮಾತು ಉಳಿಸಿಕೊಂಡವರ ಬಳಿ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಬಳಿ ಸುಮಾರು 3 ನಿಮಿಷ ಮಾತ್ರ. ಕಾದರೆ ಸಿಗುವದೆಂಬ ನಂಬಿಕೆ ಇಲ್ಲದವನು ಯಾಕೆ ಕಾಯಬೇಕು?

ಇದು ನಮಗೆ ದೂರದ ಮಾತಲ್ಲ. ಕಬ್ಬು ಕಡಿಯಲಿಕ್ಕೂ ಹೈದರಾಬಾದಿನ ಕೂಲಿಗೂ ಹೋಗುವ ತಂದೆತಾಯಿಗಳಲ್ಲಿ ಕೆಲವರು, ಮಗು ಅತ್ತೀತೆಂದು ಅದು ಮಲಗಿರುವಾಗಲೇ ಹೊರಟು ಬಿಡುತ್ತಾರೆ. ಎದ್ದು ಕೇಳಿದರೆ ಮುತ್ಯಾನು ನಾಳೆ ಬರುತ್ತಾರೆಂದು ಹೇಳುತ್ತಾನೆ; ನಾಳೆಯೂ ಅದೇ ಮಾತು. ಮಗು ಅಳಲಿ, ಎದ್ದಿರುವಾಗಲೇ ಹೇಳಿ ಹೋಗಿರಿ. ದಿನದ ಲೆಕ್ಕ ತಿಳಿಯದಿದ್ದರೆ ಅಷ್ಟು ಹುಣಸೇ ಬೀಜಗಳನ್ನು ಡಬ್ಬಿಯಲ್ಲಿ ಹಾಕಿ, ದಿನಕ್ಕೊಂದು ತೆಗೆಯಲು ಮುತ್ಯಾನಿಗೆ ಹೇಳಿರಿ. ಬರುವದು ತಡವಾದರೆ ಫೋನಿನಲ್ಲಿ ಮುತ್ಯಾನಿಗೆ ಮಾತ್ರವಲ್ಲ, ಮಗುವಿಗೂ ತಿಳಿಸಿ, ಇನ್ನೆಷ್ಟು ಬೀಜ ಹಾಕಬೇಕೆಂದು ಅದರ ಸಂಗಡಲೇ ಎಣಿಸತಕ್ಕದ್ದು.